ನೋವು ಹೇಳುವ ಪಾಠ

"ಏಯ್ ಕುಳ್ಳ! ಹಂಡೆ ಉಜ್ಜೋ ಅಂದ್ರೆ ಹಂಡೆ ತಬ್ಕೊಂಡು ನಿದ್ದೆ ಹೊಡೀತೀಯಾ? ಅದೇನು ನಿನ್ ಹೆಂಡ್ತೀನಾ?"

ಅಡುಗೆಮನೆಯ ಮೇಸ್ತ್ರಿ ಬಾಗಿಲಿಂದಲೇ ಕೂಗಿದ. ಬೀನ್ಸ್ ಬೇಯಿಸುವ ಆ ಹಂಡೆ ಎಷ್ಟು ದೊಡ್ಡದೆಂದರೆ, ತಳ ಕೆರೆಯಬೇಕಾದರೆ ಸೊಂಟದವರೆಗೂ ಒಳಗೆ ಬಗ್ಗಬೇಕು. ಕಾಶ್ಪಲ್ ಹಾಗೆ ಬಗ್ಗಿದವನು ಮೇಲೇಳದೆ, ಹೊಟ್ಟೆಯನ್ನು ಹಂಡೆಯ ಅಂಚಿಗೆ ಒತ್ತಿಕೊಂಡು ನಿಂತುಬಿಟ್ಟಿದ್ದ. ನಾನು ಪಕ್ಕದಲ್ಲಿ ನೆಲ ಒರೆಸುತ್ತಿದ್ದೆ. ಅವನ ಕಾಲು ನಡುಗುತ್ತಿದ್ದುದು ನನಗೆ ಕಾಣುತ್ತಿತ್ತು.

ಕೂಗು ಕೇಳಿ ಕಾಶ್ಪಲ್ ತಲೆ ಹೊರಗೆ ತೆಗೆದ. ಮೇಸ್ತ್ರಿಯನ್ನು ನೋಡಿ ನಕ್ಕ.

ನಮ್ಮ ಬೆಟ್ಟದ ಕಡೆ ದೊಡ್ಡವರು ಬೈದರೆ ನಗುವುದೇ ರೂಢಿ. ನಾಚಿಕೆಯಾದಾಗ ಮುಖವನ್ನು ಇನ್ನೆಲ್ಲಿ ಇಟ್ಟುಕೊಳ್ಳುವುದು? ಆದರೆ ಈ ಜನಕ್ಕೆ ಅದು ಬೇರೆ ಥರ ಕಾಣುತ್ತದೆ.

"ನಗ್ತೀಯಾ? ನನ್ನ ನೋಡಿ ಹಲ್ ಕಿರೀತೀಯೇನೋ ಬೋಳಿಮಗನೆ?"

ಪಾತ್ರೆ ತೊಳೆಯುವ ಪೈಪು ಎತ್ತಿಕೊಂಡು ನೇರ ಅವನ ಮುಖಕ್ಕೆ ಬಿಟ್ಟ. ಬಿಸಿ ನೀರು. ಕಾಶ್ಪಲ್ ಕೈ ಅಡ್ಡ ಹಿಡಿಯಲಿಲ್ಲ. ಎರಡು ಕೈಯೂ ಹೊಟ್ಟೆಯ ಮೇಲಿದ್ದವು. ಕಣ್ಣು ಮುಚ್ಚಿಕೊಂಡು, ಮೂಗಿನಿಂದ ನೀರು ಸುರಿಸುತ್ತಾ ನಿಂತ. ತುಟಿಯ ಮೇಲೆ ಆ ನಗು ಹಾಗೇ ಇತ್ತು. ತೆಗೆಯಲು ಅವನಿಗೆ ಬರುತ್ತಿರಲಿಲ್ಲ.

ಆಚೆ ತಟ್ಟೆ ಜೋಡಿಸುತ್ತಿದ್ದ ಎರ್ಲಿನ್ ಇಂಗ್ಲಿಷಿನಲ್ಲಿ ಹೇಳಿದ, "ಸಾರ್, ಅವ್ನಿಗೆ ಹೊಟ್ಟೆನೋವು ಸಾರ್. ನೆನ್ನೆಯಿಂದ ಏನೂ ತಿಂದಿಲ್ಲ."

"ಹೊಟ್ಟೆನೋವಾ? ನನ್ ಬೀನ್ಸು ಕದ್ದು ತಿಂದಿರ್ತಾನೆ."

ಎರ್ಲಿನ್ ನಮ್ಮ ಕಡೆ ತಿರುಗಿ ಸ್ಪ್ಯಾನಿಷಿನಲ್ಲಿ ಗೊಣಗಿದ, "ನಿನ್ ಬೀನ್ಸು ಕದ್ದು ತಿನ್ನೋವಷ್ಟು ನಾಲ್ಗೆ ಯಾರ್ದೂ ಕೆಟ್ಟಿಲ್ಲ ಕಣೋ ಹಂದಿ."

ಎರ್ಲಿನ್ ಹೊಂಡುರಾಸಿನವನು. ಅಟ್ಲಾಂಟಾದಲ್ಲಿ ಮನೆಗಳ ಸೂರಿಗೆ ಹೆಂಚು ಹೊಡೆಯುತ್ತಾ ವಯಸ್ಸು ಕಳೆದವನು. ಹೆಂಡತಿ, ಹೆಣ್ಣುಮಕ್ಕಳು ಅಲ್ಲೇ ಇದ್ದಾರೆ. ಅವನ ಬಾಯಿ ಕೆಟ್ಟದ್ದು, ಮನುಷ್ಯ ಕೆಟ್ಟವನಲ್ಲ. ನನ್ನ ಹೆಸರು ಪಾಲಸ್, ಕಾಶ್ಪಲ್ ನನ್ನ ತಂಗಿಯ ಮಗ. ನಾವು ಗ್ವಾಟೆಮಾಲಾದ ಮೇಲುಬೆಟ್ಟದವರು, ಉಪ್ಪು ನೀರಿನ ಬಾವಿಗಳಿರುವ ಸಾನ್ ಮತೇಓ ಊರಿನವರು. ನಮ್ಮ ಮಾತು ಬೇರೆ. ನಾನು ಕಾಫಿ ತೋಟಗಳಲ್ಲಿ ದುಡಿದು ಸ್ಪ್ಯಾನಿಷು ಕಲಿತೆ. ಕಾಶ್ಪಲನಿಗೆ ನಮ್ಮ ಮಾತು ಬಿಟ್ಟರೆ ಇನ್ನೊಂದಿಲ್ಲ.

ಇದನ್ನು ಜೈಲು ಅನ್ನಬಾರದಂತೆ, ಕೇಂದ್ರ ಅನ್ನಬೇಕಂತೆ. ನಾವು ಕೈದಿಗಳೂ ಅಲ್ಲವಂತೆ. ಕಾಗದಪತ್ರವಿಲ್ಲದೆ ಈ ದೇಶಕ್ಕೆ ಬಂದ ನಮ್ಮನ್ನು ವಾಪಸು ಅಟ್ಟುವವರೆಗೆ ಇಲ್ಲಿ ಇಟ್ಟುಕೊಂಡಿರುತ್ತಾರಂತೆ, ಅಷ್ಟೇ. ಕಾವಲಿನವರು ಸರಕಾರದವರಲ್ಲ, ಕಂಪನಿಯವರು. ಅವರ ಅಂಗಿಯ ಮೇಲೆ ಕಂಪನಿಯ ಹೆಸರು, ನಾವು ಹೊದೆಯುವ ಕಂಬಳಿಯ ಮೇಲೆ ಕಂಪನಿಯ ಹೆಸರು. ನಾವೇ ಬೇಯಿಸಬೇಕು, ನಾವೇ ಒಗೆಯಬೇಕು, ನಾವೇ ಅವರ ಕಕ್ಕಸು ತೊಳೆಯಬೇಕು. ಒಲ್ಲೆ ಅಂದವನು ಗುಂಡಿಗೆ. ಗುಂಡಿ ಎಂದರೆ ನೆಲದೊಳಗಿನದಲ್ಲ. ಹಿಂದಿನ ಓಣಿಯಲ್ಲಿರುವ ಒಂಟಿ ಕೋಣೆಗಳು. ಕಬ್ಬಿಣದ ಬಾಗಿಲು, ಬಾಗಿಲಲ್ಲಿ ಊಟದ ತಟ್ಟೆ ತೂರುವಷ್ಟು ಒಂದು ಕಿಂಡಿ. ಅದಕ್ಕೆ ಎಲ್ಲರೂ ಗುಂಡಿ ಅನ್ನುತ್ತಾರೆ.

ಮಲಗುವ ಕೋಣೆಯ ಗೋಡೆಯಲ್ಲಿ ಎತ್ತರಕ್ಕೆ ಒಂದು ಸೀಳು ಇದೆ. ಅದರಾಚೆ ಪೈನ್ ಮರಗಳ ತುದಿ ಕಾಣುತ್ತದೆ. ಜಾರ್ಜಿಯಾದ ಇಂಥ ಮರಗಳ ಬುಡದಲ್ಲಿ ಉದುರಿದ ಒಣ ಸೂಜಿಯೆಲೆ ಗೋರಿ ಗೋರಿಯೇ ನನ್ನ ಬೆನ್ನು ಬಗ್ಗಿದ್ದು. ಪಟ್ಟಣದವರ ಹೂದೋಟಕ್ಕೆ ಹಾಸಲು ಅದನ್ನು ಪಿಂಡಿ ಕಟ್ಟಿ ಕೊಡುತ್ತಿದ್ದೆವು. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟಾಗ, ವ್ಯಾನಿನ ಹಿಂದಿನ ದೀಪ ಒಡೆದಿದೆ ಎಂದು ಪೊಲೀಸಿನವನು ನಿಲ್ಲಿಸಿದ. ಅಲ್ಲಿಂದ ಇಲ್ಲಿಗೆ.

ಮಾರನೆಯ ಬೆಳಿಗ್ಗೆ ಮದ್ದಿನ ಗಾಡಿ ಬಂತು. ನರ್ಸು ಬಾಗಿಲ ಹೊರಗೆ ನಿಲ್ಲುತ್ತಾಳೆ, ನಾವು ಒಳಗೆ ಸಾಲಾಗಿ ನಿಲ್ಲುತ್ತೇವೆ. ಒಬ್ಬೊಬ್ಬರಿಗೆ ಉಸಿರು ಬಿಡುವಷ್ಟು ಹೊತ್ತು. ಕಾಶ್ಪಲನನ್ನು ನಾನೂ ಎರ್ಲಿನ್ನೂ ಎರಡು ಕಡೆಯಿಂದ ಹಿಡಿದುಕೊಂಡು ನಿಂತೆವು. ಅವನ ಮಾತನ್ನು ನಾನು ಸ್ಪ್ಯಾನಿಷಿಗೆ ತರಬೇಕು, ನನ್ನದನ್ನು ಎರ್ಲಿನ್ ಇಂಗ್ಲಿಷಿಗೆ ದಾಟಿಸಬೇಕು.

ಅವಳ ಮುಂದೆ ಬಂದದ್ದೇ ಕಾಶ್ಪಲ್ ನಮ್ಮ ಕೈ ಬಿಡಿಸಿಕೊಂಡ. ನೆಟ್ಟಗೆ ನಿಂತು, ತಲೆ ಬಗ್ಗಿಸಿದ.

"ಚೆನ್ನಾಗಿದೀರಾ ಅವ್ವ? ನಿದ್ದೆ ಚೆನ್ನಾಗಿ ಬಂತಾ? ಅಪ್ಪ, ಅವ್ವ ಆರೋಗ್ಯವಾಗವ್ರಾ? ನಿಮ್ ಕಡೆ ಮಳೆಗಿಳೆ ಆಯ್ತಾ?"

ನಾನು ಹೇಳಿದೆ. ಎರ್ಲಿನ್ ನನ್ನನ್ನೇ ಕಣ್ಣು ಬಿಟ್ಟು ನೋಡಿದ.

"ಏನಂತೆ?" ಅಂದಳು ನರ್ಸು.

"ನಿಮ್ಮಪ್ಪ ಅಮ್ಮ ಹೆಂಗವ್ರೆ ಅಂತ ಕೇಳ್ತಾವ್ನೆ ಮೇಡಂ."

ಅವಳು ನಕ್ಕಳು. "ನಮ್ಮಪ್ಪ ಸತ್ತು ಯಾವ ಕಾಲ ಆಯ್ತು!"

ಆ ಮಾತು ಹಿಂದಕ್ಕೆ ಬಂದು ಕಾಶ್ಪಲನನ್ನು ಮುಟ್ಟಿತು. ಅವನ ಮುಖ ನಿಜವಾಗಿಯೂ ಬಾಡಿತು. "ಅಯ್ಯೋ ಪಾಪ. ಏನಾಗಿತ್ತಂತೆ ಮಾವ? ಕಷ್ಟಪಟ್ರಾ?"

ಅಷ್ಟರಲ್ಲಿ ಅವಳು ಒಂದು ಬಿಳಿ ಮಾತ್ರೆಯನ್ನು ಅವನ ಅಂಗೈಯಲ್ಲಿಟ್ಟಾಗಿತ್ತು. ಅವನು ಅವಳನ್ನು ನೋಡಿ ಮತ್ತೆ ನಕ್ಕ. "ಎಷ್ಟು ಒಳ್ಳೆ ಹುಡುಗ, ನೋಡು ಹೆಂಗೆ ನಗ್ತಾನೆ. ನೋವಿದ್ದೋರು ಹಿಂಗೆ ನಗಲ್ಲ. ನೀರು ಜಾಸ್ತಿ ಕುಡಿ ಅನ್ನು. ಮುಂದಿನೋರು ಬನ್ನಿ!"

"ಮೇಡಂ, ಹೊಟ್ಟೆ, ಅವನ ಹೊಟ್ಟೆ..." ಎಂದು ಎರ್ಲಿನ್ ಕೂಗುತ್ತಿದ್ದಂತೆ ಹಿಂದಿನವನು ಮುಂದೆ ಬಂದ. ಗಾಡಿ ಹೋಯಿತು.

ಎರ್ಲಿನ್ ತಲೆ ಚಚ್ಚಿಕೊಂಡ. "ಅಲ್ಲಯ್ಯಾ, ನೀನು ಮದ್ದು ತಗಳಕ್ಕೆ ಹೋಗಿದ್ಯೋ, ಅವಳಪ್ಪನ ತಿಥಿ ಮಾಡಕ್ಕೆ ಹೋಗಿದ್ಯೋ? ಹೊಟ್ಟೆನೋವು ಅನ್ನಕ್ಕೆ ನಿನಗೇನು ದಾಡಿ?"

ನಾನು ಅದನ್ನು ಮೆತ್ತಗೆ ಮಾಡಿ ಹೇಳಿದೆ. ಕಾಶ್ಪಲ್ ಮಂಚದ ಮೇಲೆ ಮುದುರಿಕೊಂಡು ಹೇಳಿದ, "ಹೋದೇಟಿಗೆ ನನ್ ಹೊಟ್ಟೆ ತಗಂಡೋಗಿ ಅವ್ರ ಮಡ್ಲಿಗೆ ಸುರಿಯಕ್ಕಾಯ್ತದಾ ಮಾವ? ಆ ಅವ್ವ ಕೇಳ್ಬೇಕಲ್ವಾ, ಏನಪ್ಪಾ ನಿಂಗೆ ಅಂತ? ಕೇಳಿದ್ರೆ ಹೇಳ್ತಿದ್ದೆ."

ಅವನದು ತಪ್ಪಲ್ಲ. ನಮ್ಮೂರಲ್ಲಿ ಕಾಯಿಲೆಯವನು ಮದ್ದಿನವಳ ಮನೆಗೆ ಹೋದರೆ ಮೊದಲು ಒಲೆಯ ಹತ್ತಿರ ಕೂರುತ್ತಾನೆ. ಅವಳ ಮಕ್ಕಳನ್ನು ವಿಚಾರಿಸುತ್ತಾನೆ, ಅವಳ ಜೋಳದ ಹೊಲವನ್ನು ವಿಚಾರಿಸುತ್ತಾನೆ. ಅವಳು ಗಂಜಿ ಕೊಡುತ್ತಾಳೆ. ಕುಡಿದಾದ ಮೇಲೆ ಅವಳೇ ಕೈ ಹಿಡಿದು, ಎಲ್ಲಪ್ಪಾ ನೋವು ಅನ್ನುತ್ತಾಳೆ. ಕೇಳುವ ಮೊದಲೇ ತನ್ನ ನೋವು ಹೇಳಿಕೊಳ್ಳುವವನು ಅದನ್ನು ಇನ್ನೊಬ್ಬರ ಮೈಮೇಲೆ ಎಸೆದಂತೆ. ಮಕ್ಕಳಿಗೆ ಹಾಲು ಬಿಡಿಸುವ ಮುಂಚೆಯೇ ಇದನ್ನು ಕಲಿಸುತ್ತೇವೆ.

"ಇಲ್ಲಿ ನಿಮ್ಮ ಒಲೆನೂ ಇಲ್ಲ, ಗಂಜಿನೂ ಇಲ್ಲ," ಎಂದ ಎರ್ಲಿನ್. "ಇಲ್ಲಿ ಬಡ್ಕೋಬೇಕು. ಬಿದ್ದು ಒದ್ದಾಡ್ಬೇಕು. ಬಾ, ಪಾಠ ಶುರು ಮಾಡಾನ."

ಅಂದು ಮಧ್ಯಾಹ್ನ ಊಟವಾದ ಮೇಲೆ ಪಾಠ ನಡೆಯಿತು. ಎರ್ಲಿನ್ ಟವೆಲನ್ನು ತಲೆಗೆ ಸುತ್ತಿಕೊಂಡು, ಸೊಂಟ ಕುಣಿಸುತ್ತಾ ಬಂದ. "ನಾನೇ ನರ್ಸಮ್ಮ. ನೋಡು, ನನ್ ಗಾಡಿ ಬತ್ತಾ ಐತೆ. ನೀನೀಗ ಏನ್ ಮಾಡ್ತೀಯ?"

ಕಾಶ್ಪಲ್ ಎದ್ದು ನಿಂತು ತಲೆ ಬಗ್ಗಿಸಿದ. "ಚೆನ್ನಾಗಿದೀರಾ..."

"ಥೂ ನಿನ್ನ!"

ಕೋಣೆಯವರೆಲ್ಲ ನಕ್ಕರು. ಮಂಚಗಳ ಮೇಲಿಂದ ಇಳಿದು ಬಂದು ಸುತ್ತ ನಿಂತರು. ಆ ಜಾಗದಲ್ಲಿ ಜನ ಹಾಗೆ ನಕ್ಕದ್ದನ್ನು ನಾನು ಅದುವರೆಗೂ ಕೇಳಿರಲಿಲ್ಲ. ಎರ್ಲಿನ್ ನೆಲಕ್ಕೆ ಬಿದ್ದು ತೋರಿಸಿದ. ಹೊಟ್ಟೆ ಹಿಡಿದುಕೊಂಡು ಉರುಳಿದ, ಕಾಲು ಬಡಿದ, ಅವ್ವನನ್ನು ಕರೆದ, ಕನ್ಯೆ ಮರಿಯಮ್ಮನನ್ನು ಕರೆದ, ಕೊನೆಗೆ ಕಂಪನಿಯ ಯಜಮಾನನ ತಾಯಿಯನ್ನೂ ಕರೆದ.

"ಹಿಂಗೆ. ಈಗ ನೀನು."

ಕಾಶ್ಪಲ್ ನಾಚಿಕೊಂಡು ಮೊಣಕಾಲೂರಿದ. "ಅಯ್ಯೋ," ಅಂದ. ಕೋಳಿ ಕರೆದ ಹಾಗಿತ್ತು.

"ಅದೇನು, ಬಸುರಿ ಬೆಕ್ಕು ಎದ್ದು ಬತ್ತದಾ ಅದಕ್ಕೆ? ಜೋರಾಗಿ!"

"ನಾಚ್ಕೆ ಆಯ್ತದೆ ಮಾವ."

ನಾನು ಅವನ ಎದುರು ಕೂತೆ. ಅವನ ಹಣೆ ಬೆವೆತಿತ್ತು, ಆಟದ ಬೆವರಲ್ಲ. "ಕೇಳು ಮಗಾ. ಇವ್ರು ಕೇಳಿ ತಿಳ್ಕೊಳ್ಳೋ ಜನ ಅಲ್ಲ. ನೀನು ಸುಮ್ಕಿದ್ರೆ ಚೆನ್ನಾಗವ್ನೆ ಅಂತಾರೆ. ಮನೇಲಿ ನಿನ್ ಹೆಂಡ್ತಿ ಮಾಲಿನ್ ಕಾಯ್ತಾ ಔಳೆ. ಅವಳನ್ನ ನೆನ್ಕಂಡು ಕೂಗು."

ಅವನು ಕೂಗಿದ. ಮೊದಲು ಸಣ್ಣಗೆ, ಆಮೇಲೆ ಇನ್ನೂ ಜೋರಾಗಿ. ಕೊನೆಯ ಕೂಗಿಗೆ ಎಲ್ಲರೂ ಚಪ್ಪಾಳೆ ಹೊಡೆದರು. ಕಾಶ್ಪಲ್ ನೆಲದಲ್ಲಿ ಬಿದ್ದುಕೊಂಡೇ ನಮ್ಮ ಜೊತೆ ನಕ್ಕ.

ತಲೆಯ ಮೇಲೆ, ಕಪ್ಪು ಗಾಜಿನ ಬುರುಡೆಯೊಳಗೆ, ಕ್ಯಾಮೆರಾ ಇತ್ತು. ದಿನವೂ ಇರುತ್ತಿತ್ತು. ಆಕಾಶವನ್ನು ಯಾರು ದಿನಾ ತಲೆ ಎತ್ತಿ ನೋಡುತ್ತಾರೆ?

ಮಾರನೆಯ ದಿನ ಗಾಡಿ ಬರುವ ಮೊದಲೇ ಅವನು ಬಿದ್ದ. ಹಸಿರು ನೀರು ಕಕ್ಕಿದ. ಹೊಟ್ಟೆ ಮುಟ್ಟಿ ನೋಡಿದೆ, ಹಲಗೆಯಂತಾಗಿತ್ತು. ಬಲಗಡೆ ಕೈ ಇಟ್ಟಾಗ ಬಂದ ಕೂಗು ಪಾಠದ್ದಲ್ಲ. ಯಾವ ಪಾಠದಿಂದಲೂ ಅದು ಬರುವುದಿಲ್ಲ. ಎರ್ಲಿನ್ ಬಾಗಿಲಿನ ಗಾಜನ್ನು ಎರಡೂ ಕೈಯಿಂದ ಬಡಿದ.

ಕ್ಯಾಪ್ಟನ್ ಹಾಲಿಸ್ ಬಂದ. ಕಾವಲಿನವರಿಗೆಲ್ಲ ಮೇಲಿನವನು. ಅವನ ಹಿಂದೆ ಇಬ್ಬರು ಕಾವಲಿನವರು, ಆಗಲೇ ನಗುತ್ತಾ ಬಂದಿದ್ದರು.

"ಓಹೋ, ಶುರುವಾಯ್ತಾ ನಾಟಕ?" ಅಂದ ಕ್ಯಾಪ್ಟನ್. "ನೆನ್ನೆ ತಾಲೀಮು ಚೆನ್ನಾಗಿತ್ತಪ್ಪಾ. ಮೇಲೆ ಕೂತ್ಕೊಂಡು ಎಲ್ಲ ನೋಡಿದ್ವಿ. ಟವೆಲ್ ಕಟ್ಕೊಂಡಿದ್ದ ಸೂಳೆ ಯಾರು? ನೀನೇನಾ?"

ಎರ್ಲಿನ್‌ನ ಮುಖದ ರಕ್ತ ಇಳಿದುಹೋಯಿತು. "ಸಾರ್, ಅದು ತಮಾಷೆ ಸಾರ್. ಇದು ನಿಜ. ದೇವ್ರಾಣೆ ನಿಜ. ಅವ್ನಿಗೆ ಹೇಳಕ್ ಬರಲ್ಲ ಅಂತ ನಾವು..."

"ಹೇಳಕ್ ಬರಲ್ಲ ಅಂತ ಕಲಿಸಿದ್ರಾ? ಚೆನ್ನಾಗೇ ಕಲಿತಿದಾನೆ."

ಕ್ಯಾಪ್ಟನ್ ಬೂಟಿನ ತುದಿಯಿಂದ ಕಾಶ್ಪಲನ ಹೊಟ್ಟೆಯನ್ನು ಒತ್ತಿದ. ಜೋರಾಗಿ ಅಲ್ಲ, ಹಣ್ಣು ಮಾಗಿದೆಯೋ ಎಂದು ನೋಡುವ ಹಾಗೆ. ಕಾಶ್ಪಲ್ ಚೀರಿದ. ಕ್ಯಾಪ್ಟನ್ ಚಪ್ಪಾಳೆ ತಟ್ಟಿದ. ಜೊತೆಯವರೂ ತಟ್ಟಿದರು.

ನಾನು ಅಡ್ಡ ಹೋಗಿ ನನಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲಿ ಹೇಳಿದೆ, "ಆಸ್ಪತ್ರೆ ಸಾರ್. ದಯವಿಟ್ಟು. ಆಸ್ಪತ್ರೆ."

"ಆಸ್ಪತ್ರೆ? ಒಬ್ಬನ್ನ ಹೊರಗೆ ಕಳಿಸ್ಬೇಕಂದ್ರೆ ಒಂದು ವ್ಯಾನು, ಇಬ್ರು ಕಾವಲು, ಓವರ್‌ಟೈಮು. ಯಾರಪ್ಪ ಕೊಡ್ತಾನೆ? ನಿಮ್ಮಪ್ಪನಾ? ಇಲ್ಲಿ ನಿನ್ನಂಥೋನು ಬಿದ್ದಿದ್ರೆ ಸರಕಾರ ಕಂಪನಿಗೆ ದುಡ್ಡು ಕೊಡುತ್ತೆ ಮುದುಕ. ಆಸ್ಪತ್ರೇಲಿ ಬಿದ್ರೆ ಕಂಪನಿ ಕೊಡ್ಬೇಕು." ಆಮೇಲೆ ಕಾವಲಿನವರ ಕಡೆ ತಿರುಗಿ ಅಂದ, "ಗಲಾಟೆ ಮಾಡಿದಾನೆ. ಗುಂಡಿಗೆ ಹಾಕಿ. ಅಲ್ಲಿ ಎಷ್ಟು ಬೇಕಾದ್ರೂ ನಾಟಕ ಆಡ್ಲಿ."

ತೋಳು ಹಿಡಿದು ಎತ್ತಿದರು. ಬಾಗಿಲಲ್ಲಿ ಕಾಶ್ಪಲನ ತಲೆ ಮೇಲೆದ್ದಿತು. ಕ್ಯಾಪ್ಟನನ ಕಣ್ಣಿಗೆ ಅವನ ಕಣ್ಣು ಸಿಕ್ಕಿತು. ಅವನು ನಕ್ಕ. ಬೈಸಿಕೊಂಡವನು ನಗಬೇಕಲ್ಲ.

"ನೋಡಿದ್ರಾ?" ಅಂದ ಕ್ಯಾಪ್ಟನ್.

ಎರ್ಲಿನ್ ಅವನು ಕಕ್ಕಿದ ಜಾಗವನ್ನು ತನ್ನ ಟವೆಲಿನಿಂದಲೇ ಒರೆಸಿದ.

ಗುಂಡಿಯ ಓಣಿ ಒರೆಸುವ ಕೆಲಸ ಯಾರಿಗೂ ಬೇಡ. ನಾನು ಕೇಳಿ ಪಡೆದೆ. ಅಲ್ಲಿ ಕಾವಲಿಗೆ ಮಿಸ್ ಲೆಟಾ ಎಂಬ ಹೆಂಗಸಿದ್ದಳು. ಈ ಊರಿನವಳೇ, ಕರಿಯರವಳು. ಮುಂಚೆ ಕಡಲೆಕಾಯಿ ಗಿರಣಿಯಲ್ಲಿದ್ದಳಂತೆ. ಗಿರಣಿ ಮುಚ್ಚಿದ ಮೇಲೆ ಊರಿಗೆಲ್ಲ ಇದೊಂದೇ ಕೆಲಸ. ನಾನು ಬಕೆಟ್ಟು ತಳ್ಳಿಕೊಂಡು ಅವನ ಬಾಗಿಲ ಹತ್ತಿರ ಹೋದಾಗ ಅವಳು ಬೇರೆ ಕಡೆ ತಿರುಗಿಕೊಂಡಳು.

ಕಿಂಡಿಗೆ ಬಾಯಿ ಇಟ್ಟು ಕರೆದೆ. "ಚೆನ್ನಾಗಿದೀಯಾ ಮಗಾ?"

"ಚೆನ್ನಾಗಿದೀನಿ ಮಾವ. ನೀನು? ಬೆನ್ನು ಹೆಂಗೈತೆ? ಉಂಡ್ಯಾ?"

"ಉಂಡೆ. ನಿಂದು?"

"ನೋವು ನಿಂತೋಯ್ತು ಮಾವ."

ನನ್ನ ಕೈಯಲ್ಲಿದ್ದ ಒರೆಸುವ ಕೋಲು ನಿಂತಿತು.

"ಯಾವಾಗ?"

"ಈಗ ಒಸಿ ಹೊತ್ತಿಗೆ ಮುಂಚೆ. ಒಳಗೇನೋ ಬಿಟ್ಕಂಡಂಗಾಯ್ತು. ಆಮೇಲೆ ಹಗುರಾಗೋಯ್ತು. ನೋಡ್ದಾ, ಸುಮ್ಕೆ ಎಷ್ಟು ರಂಪ ಮಾಡ್ಬಿಟ್ವಿ. ಎರ್ಲಿನ್ ಅಣ್ಣಂಗೆ ಹೇಳು, ಬೈಸ್ಕಂಡನಲ್ಲ ಪಾಪ ನನ್ನಿಂದ. ಮಾಲಿನ್‌ಗೆ ಫೋನ್ ಮಾಡಿದ್ರೆ ಇದನ್ನೆಲ್ಲಾ ಹೇಳ್ಬೇಡ."

ನೋವು ನಿಂತಿತು ಎಂದವನನ್ನು ನಾನು ಮೊದಲೂ ನೋಡಿದ್ದೆ. ಕಾಫಿ ತೋಟದಲ್ಲಿ, ನನ್ನ ಮೀಸೆ ಚಿಗುರುವ ಕಾಲದಲ್ಲಿ. ನನ್ನ ಅಣ್ಣ ಹೀಗೇ ಹೊಟ್ಟೆ ಹಿಡಿದುಕೊಂಡು ಮೂಟೆಗಳ ಸಂದಿಯಲ್ಲಿ ಮಲಗಿದ್ದ. ಮಧ್ಯಾಹ್ನ ಎದ್ದು ಕೂತು, ನಿಂತೋಯ್ತು ಕಣೋ ಎಂದು ನಕ್ಕ, ರೊಟ್ಟಿ ಕೇಳಿದ. ತೋಟದ ಯಜಮಾನ, ನೋಡಿದ್ರಾ ಸೋಮಾರಿತನ ಹೆಂಗೆ ವಾಸಿಯಾಯ್ತು ಅಂದ. ಸಂಜೆ ಮೈ ಕೆಂಡವಾಯಿತು. ಅವನನ್ನು ಹೊತ್ತುಕೊಂಡು ಬೆಟ್ಟ ಹತ್ತಿದೆವು. ಅರ್ಧ ದಾರಿಯಲ್ಲಿ ಇಳಿಸಬೇಕಾಯಿತು.

"ಕಾಶ್ಪಲ್, ಕೇಳಿಲ್ಲಿ. ಕೂಗು. ನೋವಿಲ್ದಿದ್ರೂ ಕೂಗು."

"ಬ್ಯಾಡ ಮಾವ. ಸಾಕು. ಅವ್ರಿಗೂ ಬೇಜಾರಾಗದೆ."

ಮಿಸ್ ಲೆಟಾಳಿಗೆ ಹೇಳಿದೆ. ಕೈಯಿಂದ ತೋರಿಸಿದೆ, ಒಳಗೆ ಒಡೆದಿದೆ ಎಂದು. ಅವಳು ರೇಡಿಯೋದಲ್ಲಿ ಕೇಳಿದಳು. ಅತ್ತಲಿಂದ ನಗು ಬಂತು. "ಯಾರು, ಆ ನಟನಾ? ಬಿಡು ಅವನ್ನ."

ಮರುದಿನ ಓಣಿಗೆ ಹೋದಾಗ ಕಿಂಡಿಯಿಂದ ವಾಸನೆ ಬರುತ್ತಿತ್ತು. ಕರೆದೆ. "ಚೆನ್ನಾಗಿದೀಯಾ ಮಗಾ?"

ಮಾತು ಬರಲಿಲ್ಲ.

ಇನ್ನೊಮ್ಮೆ ಕೇಳಿದೆ. ಕಾದೆ. ನಮ್ಮಲ್ಲಿ ದೊಡ್ಡವರು ಕ್ಷೇಮ ಕೇಳಿದರೆ ಉತ್ತರ ಕೊಡದೆ ಇರುವವರಿಲ್ಲ. ಕುಡಿದು ಬಿದ್ದವನೂ ಕೊಡುತ್ತಾನೆ, ಮುನಿಸಿಕೊಂಡವನೂ ಗೋಡೆಗೆ ಮುಖ ಮಾಡಿಕೊಂಡಾದರೂ ಕೊಡುತ್ತಾನೆ. ನಾನು ನೆಲಕ್ಕೆ ಕೂತು ಕಿಂಡಿಗೆ ಕಣ್ಣಿಟ್ಟೆ. ಕಾಶ್ಪಲ್ ನೆಲದ ಮೇಲೆ ಮೊಣಕಾಲು ಎದೆಗೆ ಎಳೆದುಕೊಂಡು ಮಲಗಿದ್ದ. ಕಣ್ಣು ಅರೆ ತೆರೆದಿತ್ತು. ಪಕ್ಕೆ ಏಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಏಳುತ್ತಿತ್ತು. ತಟ್ಟೆಯ ಊಟ ಮುಟ್ಟಿರಲಿಲ್ಲ.

"ತೆಗೀರಿ," ಅಂದೆ. "ಬಾಗ್ಲು ತೆಗೀರಿ."

ಮಿಸ್ ಲೆಟಾ ಬಗ್ಗಿ ನೋಡಿದಳು. ಅವಳ ಕೈ ಬಾಯಿಗೆ ಹೋಯಿತು. ರೇಡಿಯೋದಲ್ಲಿ ಕರೆದಳು, ಮತ್ತೆ ಕರೆದಳು. ಎಣಿಕೆ ಮುಗಿಯಲಿ, ಆಮೇಲೆ ನೋಡೋಣ ಎಂದು ಉತ್ತರ ಬಂತು.

"ತಾತಾ, ನನ್ ಹತ್ರ ಬೀಗದಕೈ ಇಲ್ಲ," ಅಂದಳು. "ನಂಗೂ ಮನೇಲಿ ಮಕ್ಕಳಿದಾರೆ. ಹೋಗು. ಎಣಿಕೆಗೆ ಹೋಗು."

ಸೈರನ್ನು ಆಗಲೇ ಕೂಗುತ್ತಿತ್ತು.

ಎಣಿಕೆ ಎಂದರೆ ನಾವೆಲ್ಲ ನಮ್ಮ ನಮ್ಮ ಮಂಚದ ಪಕ್ಕ ನೆಟ್ಟಗೆ ನಿಲ್ಲಬೇಕು, ಅವರು ತಲೆ ಎಣಿಸಿಕೊಂಡು ಹೋಗಬೇಕು. ತಲೆಗಿಷ್ಟು ಎಂದು ಸರಕಾರ ಕೊಡುವುದರಿಂದ ಕಂಪನಿಗೆ ಇದಕ್ಕಿಂತ ದೊಡ್ಡ ಪೂಜೆ ಇಲ್ಲ. ಎಣಿಕೆ ತಾಳೆಯಾಗುವ ತನಕ ಈ ಕಟ್ಟಡದಲ್ಲಿ ಒಂದು ಬಾಗಿಲೂ ತೆರೆಯುವುದಿಲ್ಲ. ಒಲೆ ಹತ್ತುವುದಿಲ್ಲ. ಪಾಳಿ ಮುಗಿದ ಕಾವಲಿನವರೂ ಮನೆಗೆ ಹೋಗುವಂತಿಲ್ಲ.

ನಾನು ಕೋಣೆಗೆ ಬಂದು, ನನ್ನ ಮಂಚದ ಪಕ್ಕ ನೆಲದ ಮೇಲೆ ಕೂತೆ.

"ಪಾಲಸಜ್ಜ, ಎದ್ದೇಳು, ಬತ್ತಾವ್ರೆ," ಅಂದ ಎರ್ಲಿನ್.

"ಏಳಲ್ಲ."

"ಏನಾಯ್ತು?"

ಹೇಳಿದೆ. ನನಗೆ ಉದ್ದ ಮಾತು ಬರುವುದಿಲ್ಲ. "ಅವನು ಸಾಯ್ತಾವ್ನೆ. ಮಾತಾಡ್ಸಿದ್ರೆ ಮಾತಾಡ್ಲಿಲ್ಲ. ಎಣಿಕೆ ಆದ್ಮೇಲೆ ನೋಡ್ತಾರಂತೆ. ಎಣಿಕೆ ಆಗ್ದೇ ಇರ್ಲಿ. ಆಗ ಯಾರು ನೋಡ್ತಾರೋ ನೋಡಾನ."

ಪಕ್ಕದ ಮಂಚದವನು ಮೆಲ್ಲಗೆ ಅಂದ, "ಖಾರದ ಗಾಳಿ ಬಿಡ್ತಾರೆ ಅಜ್ಜಾ. ಹೋದ ಸಲ ಬಿಟ್ಟಾಗ ಕಣ್ಣು ಹೋದಂಗಾಗಿತ್ತು."

"ಬಿಡ್ಲಿ."

ಅವನು ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ಕೂತ. ಅವನ ಮೇಲಿನ ಮಂಚದವನು ಇಳಿದು ಕೂತ. ಹಾಗೆ ಸಾಲು ಕೂರುತ್ತಾ ಹೋಯಿತು. ಗಾಳಿಗೆ ಪೈರು ಬಾಗಿದ ಹಾಗಲ್ಲ, ಒಬ್ಬೊಬ್ಬನೂ ಬೇರೆ ಬೇರೆಯಾಗಿ, ಬೇರೆ ಬೇರೆ ಭಯವನ್ನು ನುಂಗಿಕೊಂಡು. ಒಬ್ಬ ಶಿಲುಬೆ ಮಾಡಿಕೊಂಡ. ಒಬ್ಬ ಸುಮ್ಮನೆ ಬೈದ.

ಎರ್ಲಿನ್ ಮಾತ್ರ ನಿಂತಿದ್ದ.

"ಅಜ್ಜಾ, ನಾಳೆ ಜಡ್ಜ್ ಮುಂದೆ ನನ್ ಕೇಸು ಐತೆ," ಅಂದ. ಅವನ ದನಿ ಒಡೆದಿತ್ತು. "ನಾಳೆ ಬಿಟ್ರೆ ಬಿಟ್ಟ. ಇವತ್ತು ಕೂತ್ರೆ ನನ್ ಹೆಸ್ರಿನ ಮುಂದೆ ಗಲಾಟೆ ಅಂತ ಬರೀತಾರೆ. ಮುಗೀತು. ನನ್ ಮಕ್ಕಳು ಕಣಜ್ಜ. ದೊಡ್ಡೋಳು ಫೋನಲ್ಲಿ ಕೇಕ್ ಮಾಡಿಸ್ತೀನಿ ಅಂದವಳೆ."

"ನಿಂತ್ಕೋ ಮಗಾ," ಅಂದೆ. "ಯಾರೂ ನಿನ್ನ ಏನೂ ಅನ್ನಲ್ಲ."

"ನೀನು ಹಂಗೆ ಹೇಳ್ಬೇಡ. ಬೈ ನನ್ನ. ಅವ್ನಿಗೆ ಬಡ್ಕೊಳ್ಳೋದು ಕಲ್ಸಿದ್ದು ಯಾರು? ಬೈಯಿ ಮುದುಕಾ!"

ನಾನು ಬೈಯಲಿಲ್ಲ.

ಎಣಿಸುವವನು ಒಳಗೆ ಬಂದ. ಎಳೆಯವನು, ಕೈಯಲ್ಲಿ ಒತ್ತುವ ಯಂತ್ರ. ಎರಡು ಹೆಜ್ಜೆ ಇಟ್ಟವನು ನಿಂತ. "ಏನಿದು? ಏಳ್ರೋ! ಎಣಿಕೆ! ಎದ್ದೇಳ್ರೋ ಸೂಳೆಮಕ್ಳಾ!"

ಯಾರೂ ಏಳಲಿಲ್ಲ. ಕೂತವರನ್ನು ಎಣಿಸುವಂತಿಲ್ಲ, ಅದು ಅವರದೇ ಕಾನೂನು. ಅವನು ಕೋಣೆಯನ್ನೆಲ್ಲ ನೋಡಿದ. ಎರ್ಲಿನ್‌ನನ್ನು ನೋಡಿದ. ಯಂತ್ರ ಒತ್ತಿದ. ಟಕ್ ಎಂದಿತು.

"ಒಂದು," ಅಂದ.

ಎರ್ಲಿನ್ ಆ ಮಾತನ್ನು ಕೇಳಿದ. ಕಣ್ಣಲ್ಲಿ ನೀರು ಬಂತು. ಮಂಚದ ಕಂಬ ಹಿಡಿದುಕೊಂಡು ಮೆಲ್ಲಗೆ, ಮುದುಕರ ಹಾಗೆ, ಕೆಳಗೆ ಜಾರಿದ.

"ಒಂದೂ ಇಲ್ಲ ಸಾರ್," ಅಂದ. "ಸರಿಯಾಗಿ ಎಣಿಸ್ಕೊಳ್ಳಿ."

ಎಳೆಯವನು ಹೊರಗೆ ಓಡಿದ. ಬಾಗಿಲು ಬಿತ್ತು. ಸೈರನ್ನು ಮತ್ತೆ ಕೂಗಿತು. ಗಾಜಿನಾಚೆ ಪಾಳಿ ಮುಗಿದ ಕಾವಲಿನವರು ಊಟದ ಚೀಲ ಹೆಗಲಿಗೆ ಹಾಕಿಕೊಂಡು ಗುಂಪಾಗತೊಡಗಿದರು. ಒಬ್ಬ ಗಡಿಯಾರ ನೋಡಿಕೊಂಡ. ಇನ್ನೊಬ್ಬಳು ಯಾರಿಗೋ ಫೋನಿನಲ್ಲಿ ಕಿರುಚಿದಳು, ಮಗುವನ್ನು ಕರೆದುಕೊಂಡು ಬರಲು ಯಾರೂ ಇಲ್ಲವೆಂದು. ಅವರವರಲ್ಲೇ ಬೈದಾಟ ಶುರುವಾಯಿತು.

ಕ್ಯಾಪ್ಟನ್ ಹಾಲಿಸ್ ಬಂದು ಬಾಗಿಲು ಅರ್ಧ ತೆರೆಸಿದ. ಈ ಸಲ ನಗುತ್ತಿರಲಿಲ್ಲ.

"ಏನ್ ಬೇಕು ನಿಮಗೆ?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ಅವನ ಕಣ್ಣನ್ನೇ ನೋಡಿದೆ. ದೊಡ್ಡ ಹುದ್ದೆಯವನ ಕಣ್ಣು ಹಾಗೆ ನೋಡಿದ್ದು ನನ್ನ ಆಯುಸ್ಸಿನಲ್ಲಿ ಮೊದಲ ಸಲವಲ್ಲವಾದರೂ ಇಷ್ಟು ಹೊತ್ತು ನೋಡಿದ್ದಿಲ್ಲ. ಅವನ ಕ್ಷೇಮ ಕೇಳಲಿಲ್ಲ.

"ಗುಂಡಿ ಬಾಗ್ಲು ತೆಗಿ," ಅಂದೆ. "ನನ್ನ ತಂಗಿ ಮಗನ್ನ ಆಸ್ಪತ್ರೆಗೆ ಸೇರ್ಸು. ಆಮೇಲೆ ಎಣಿಸ್ಕೋ."

ಎರ್ಲಿನ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಅವನದೇ ಎರಡು ಬೈಗುಳ ಸೇರಿಸಿದನೆಂದು ಕಾಣುತ್ತದೆ. ಕ್ಯಾಪ್ಟನನ ಕಿವಿ ಕೆಂಪಾಯಿತು.

"ಒಬ್ಬ ಬೆಟ್ಟದ ಕುಳ್ಳನಿಗೋಸ್ಕರ ಇಷ್ಟು ಜನ ಸಾಯ್ತೀರಾ?"

ಬಾಗಿಲು ಮುಚ್ಚಿತು.

ಈಗ ಗಾಜಿನಾಚೆ ಹೆಲ್ಮೆಟ್ಟಿನವರು ಸಾಲಾಗಿ ನಿಂತಿದ್ದಾರೆ. ಕೈಯಲ್ಲಿ ಖಾರದ ಡಬ್ಬಿಗಳು. ನಾವು ಅಂಗಿ ಕಳಚಿ ನೀರಲ್ಲಿ ನೆನೆಸಿ ಮೂಗಿಗೆ ಕಟ್ಟಿಕೊಂಡಿದ್ದೇವೆ. ಎರ್ಲಿನ್ ನನ್ನ ಅಂಗಿಯನ್ನು ನನ್ನ ತಲೆಯ ಹಿಂದೆ ಗಂಟು ಹಾಕಿಕೊಟ್ಟ, ಬಿಗಿಯಾಯ್ತಾ ಅಜ್ಜಾ ಎಂದು ಕೇಳಿದ. ಒಬ್ಬರ ತೋಳಿಗೆ ಒಬ್ಬರು ತೋಳು ಕೊಟ್ಟು ನೆಲದ ಮೇಲೆ ಕೂತಿದ್ದೇವೆ. ಧ್ವನಿವರ್ಧಕ ಮತ್ತೆ ಮತ್ತೆ ಎಣಿಕೆ, ಎಣಿಕೆ ಎಂದು ಕೂಗುತ್ತಿದೆ.

ಸ್ವಲ್ಪ ಹೊತ್ತಿಗೆ ಮುಂಚೆ ಮಿಸ್ ಲೆಟಾ ಹೆಲ್ಮೆಟ್ಟಿನವರ ಹಿಂದಿನಿಂದ ಒಂದು ಗಾಲಿಕುರ್ಚಿಯನ್ನು ತಳ್ಳಿಕೊಂಡು ಗುಂಡಿಯ ಓಣಿಯ ಕಡೆ ಓಡಿದಳು. ಖಾಲಿ ಕುರ್ಚಿ. ನರ್ಸು ಅವಳ ಹಿಂದೆಯೇ ಹೋದಳು.

ಅತ್ತ ಹೋದ ಕುರ್ಚಿ ಇನ್ನೂ ಇತ್ತ ಬಂದಿಲ್ಲ. ನಾವು ಕೂತಿದ್ದೇವೆ.